ಯಾವ ಬಗ್ ಯಾವ ರಿಕ್ವೈರ್‌ಮೆಂಟ್‌ಗೆ ಸೇರಿದ್ದು? ಜಿರಾದಲ್ಲಿ ಕ್ವೆರಿ ಹಾಕಿ ಹುಡುಕುವ ಸಮಗ್ರ ಮಾರ್ಗದರ್ಶಿ

"ಅಣ್ಣಾ, ಈ ರಿಕ್ವೈರ್‌ಮೆಂಟಿಗೆ ಇನ್ನೂ ಎಷ್ಟು ಬಗ್ ಬಾಕಿ ಅದಾವ ನೋಡಬೇಕಿತ್ತು. ಕ್ವೆರಿ ಹಾಕಿದ್ರ ಏನೂ ಬರವಲ್ದು."

ರಾಯಚೂರಿನಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜಿರಾ ಅಂದರೆ ತಂಡದ ಕೆಲಸ, ಬಗ್ (ಸಾಫ್ಟ್‌ವೇರಿನ ದೋಷ), ರಿಕ್ವೈರ್‌ಮೆಂಟ್ (ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವುದು) ಇವನ್ನೆಲ್ಲಾ ಬರೆದಿಡುವ ಸಾಫ್ಟ್‌ವೇರ್. ಜೊತೆಗೊಂದು ಸ್ಕ್ರೀನ್‌ಶಾಟ್ ಇರುತ್ತದೆ. ಕ್ವೆರಿ, ಅಂದರೆ ಜಿರಾಕ್ಕೆ ಹಾಕುವ ಹುಡುಕಾಟದ ಸಾಲು, ನೋಡಿದರೆ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಅದರ ಹಿಂದಿನ ಕೆಲಸ. ಬಗ್‌ಗೂ ರಿಕ್ವೈರ್‌ಮೆಂಟ್‌ಗೂ ನಡುವೆ ಲಿಂಕ್ ಹಾಕಿರುವುದಿಲ್ಲ, ಹಾಕಿದ್ದರೂ ಉಲ್ಟಾ ಹಾಕಿರುತ್ತಾರೆ, ಇಲ್ಲವೇ ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಹಾಕಿರುತ್ತಾರೆ. ಅದಕ್ಕೇ ಇಲ್ಲಿ ಕ್ವೆರಿ ನಾಲ್ಕನೇ ಹಂತದಲ್ಲಿ ಬರುತ್ತದೆ. ನೇರವಾಗಿ ಅಲ್ಲಿಗೆ ಹಾರಬೇಡಿ.

ಉದಾಹರಣೆಗೆ ನಮ್ಮ ಕಡೆಯದೇ ಒಂದು ಕೆಲಸ ಇಟ್ಟುಕೊಳ್ಳೋಣ: ರೈಸ್ ಮಿಲ್ಲಿಗೆ ಭತ್ತದ ತೂಕ ಮತ್ತು ಬಿಲ್ ಮಾಡುವ ಸಾಫ್ಟ್‌ವೇರ್. ಜಿರಾದಲ್ಲಿ ಎರಡು ಪ್ರಾಜೆಕ್ಟ್ ಇವೆ. ರಿಕ್ವೈರ್‌ಮೆಂಟ್‌ಗಳದ್ದು ಆರ್‌ಕ್ಯೂ, ಕೆಲಸ ಮತ್ತು ಬಗ್‌ಗಳದ್ದು ಎಂಎಲ್. ಆರ್‌ಕ್ಯೂ-14ರಲ್ಲಿ ಹೀಗೆ ಬರೆದಿದೆ: ಭತ್ತದ ದರವನ್ನು 75 ಕೆಜಿ ಚೀಲದ ಲೆಕ್ಕದಲ್ಲಿ ಹಾಕಬೇಕು. ಆರ್‌ಕ್ಯೂ-15 ತೇವಾಂಶದ ಕಡಿತದ್ದು, ಆರ್‌ಕ್ಯೂ-16 ಹಮಾಲಿಯದ್ದು.

ಇನ್ನೊಂದು ಮಾತು. ಕ್ವೆರಿಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ, ಬಾಯಲ್ಲಿ ಓದುವ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಕೂಡಿಸಿ ಬರೆದಿದ್ದರೆ ಅದು ಒಂದೇ ಪದ, ನಡುವೆ ಜಾಗ ಬಿಡಬಾರದು. ಲಿಂಕ್ಡ್‌ಇಶ್ಯೂಸ್ ಅಂದರೆ ಎರಡೂ ಪದ ಅಂಟಿಕೊಂಡೇ ಇರಬೇಕು.

ಕೈಯಲ್ಲಿ ಏನೇನು ಇರಬೇಕು

ಎರಡೂ ಪ್ರಾಜೆಕ್ಟ್‌ಗಳನ್ನು ನೋಡುವ ಅನುಮತಿ ಬೇಕು. ಲಿಂಕ್ ಹಾಕುವ ಅನುಮತಿ ಬೇರೆಯೇ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಲಿಂಕ್‌ನ ಹೆಸರು ಸೇರಿಸಲು ಜಿರಾ ಅಡ್ಮಿನ್ ಒಂದು ಸಲ ಬೇಕಾಗುತ್ತಾರೆ. ಸಣ್ಣ ತಂಡವಾದರೆ ಚಿಂತೆ ಇಲ್ಲ. 10 ಜನರವರೆಗೆ ಜಿರಾ ಕ್ಲೌಡ್ (ಇಂಟರ್ನೆಟ್‌ನಲ್ಲೇ ಓಡುವ ಜಿರಾ) ಪುಕ್ಕಟೆ ಸಿಗುತ್ತದೆ, ಅದರಲ್ಲಿ ನೀವೇ ಅಡ್ಮಿನ್ ಆಗಿ ಕಲಿಯಬಹುದು.

ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಫೋನಿನಲ್ಲಿ ಉದ್ದರಣೆ ಚಿಹ್ನೆ ಬಾಗಿದ್ದು ಬಂದು ಕ್ವೆರಿ ಕೆಡುತ್ತದೆ. ಕ್ವೆರಿಗಳನ್ನು ಬರೆದಿಡಲು ನೋಟ್‌ಪ್ಯಾಡ್ ಸಾಕು. ಮತ್ತೆ ಒಂದು ಹಾಳೆ, ಒಂದು ಪೆನ್ನು. ತಮಾಷೆಗೆ ಹೇಳುತ್ತಿಲ್ಲ, ಮೂರನೇ ಹಂತಕ್ಕೆ ಬೇಕಾಗುತ್ತದೆ.

ಹಂತ 1: ರಿಕ್ವೈರ್‌ಮೆಂಟ್ ಮೊದಲು ಇಶ್ಯೂ ಆಗಲಿ

ಲಿಂಕ್ಡ್‌ಇಶ್ಯೂಸ್ ಅನ್ನುವ ಫಂಕ್ಷನ್ (ಕ್ವೆರಿಯಲ್ಲಿ ಬಳಸುವ ಸಿದ್ಧ ಆಜ್ಞೆ) ಇಶ್ಯೂದಿಂದ (ಜಿರಾದಲ್ಲಿ ನಂಬರ್ ಕೊಟ್ಟು ಬರೆದಿಡುವ ಒಂದೊಂದು ನಮೂದು) ಇಶ್ಯೂಗೆ ಇರುವ ಲಿಂಕನ್ನು ಮಾತ್ರ ನೋಡುತ್ತದೆ. ನಿಮ್ಮ ರಿಕ್ವೈರ್‌ಮೆಂಟ್ ವರ್ಡ್ ಫೈಲಿನಲ್ಲೋ ಎಕ್ಸೆಲ್ ಶೀಟಿನಲ್ಲೋ ಕೂತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಾನ್‌ಫ್ಲುಯೆನ್ಸ್ (ಜಿರಾ ಜೊತೆ ಬಳಸುವ, ದಾಖಲೆ ಬರೆದಿಡುವ ಸಾಫ್ಟ್‌ವೇರ್) ಪುಟದಲ್ಲಿದ್ದು, ಬಗ್‌ನಿಂದ ಆ ಪುಟಕ್ಕೆ ಲಿಂಕ್ ಕೊಟ್ಟಿದ್ದರೂ ಸಿಗುವುದಿಲ್ಲ. ಅದು ಹೊರಗಿನ ಲಿಂಕ್ ಎಂದು ಎಣಿಕೆಯಾಗುತ್ತದೆ. ಕಣ್ಣಿಗೆ ಕಾಣುತ್ತದೆ, ಕ್ವೆರಿಗೆ ಕಾಣುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಹಾಗಾಗಿ ಪ್ರತಿ ರಿಕ್ವೈರ್‌ಮೆಂಟ್‌ಗೂ ಜಿರಾದಲ್ಲಿ ಒಂದು ಇಶ್ಯೂ ಮಾಡಿ. ಪೂರ್ತಿ ವಿವರ ಪುಟದಲ್ಲೇ ಇರಲಿ, ಇಶ್ಯೂ ಒಳಗೆ ಆ ಪುಟದ ವಿಳಾಸ ಇದ್ದರೆ ಸಾಕು.

ಒಂದು ಇಶ್ಯೂನಲ್ಲಿ ಒಂದೇ ರಿಕ್ವೈರ್‌ಮೆಂಟ್. "ತೂಕ, ತೇವಾಂಶ, ಹಮಾಲಿ ಎಲ್ಲಾ ಸರಿ ಬರಬೇಕು" ಎಂದು ಒಂದರಲ್ಲೇ ತುಂಬಿದರೆ ಬಗ್ ಬಂದಾಗ ಅದು ಯಾವುದಕ್ಕೆ ಸೇರಿದ್ದು ಎಂದು ಮತ್ತೆ ಓದಿಯೇ ತಿಳಿಯಬೇಕು. ಆಮೇಲೆ ಕ್ವೆರಿ ಇದ್ದು ಏನು ಬಂತು?

ಕ್ಲೌಡ್ ಬಳಸುವವರು ಗಮನಿಸಿ: ಈಗ ಪರದೆಯ ಮೇಲೆ ಇಶ್ಯೂ ಬದಲು ವರ್ಕ್ ಐಟಂ ಎಂದು ಕಾಣಬಹುದು. ಎರಡೂ ಒಂದೇ. ಕ್ವೆರಿಯಲ್ಲಿ ಇಶ್ಯೂ ಎಂದೇ ಬರೆದರೂ ನಡೆಯುತ್ತದೆ.

ಹಂತ 2: ಲಿಂಕ್‌ನ ಹೆಸರು ಮತ್ತು ದಿಕ್ಕು ಗೊತ್ತು ಮಾಡಿ

ಇದೇ ಈ ಇಡೀ ಕೆಲಸದ ಬೇರು. ನಿಧಾನವಾಗಿ ಓದಿ.

ಜಿರಾದ ಪ್ರತಿ ಲಿಂಕ್‌ಗೂ ಒಂದು ಹೆಸರು ಮತ್ತು ಎರಡು ಬಾಯಿ. ಜಿರಾ ಜೊತೆಗೇ ಬರುವ ಬ್ಲಾಕ್ಸ್ ಲಿಂಕನ್ನೇ ನೋಡಿ. ಒಂದು ಕಡೆ ನಿಂತರೆ ಬ್ಲಾಕ್ಸ್, ಇನ್ನೊಂದು ಕಡೆ ನಿಂತರೆ ಈಸ್ ಬ್ಲಾಕ್ಡ್ ಬೈ. ಮಾವ-ಅಳಿಯನ ಸಂಬಂಧ ಇದ್ದ ಹಾಗೆ. ಸಂಬಂಧ ಒಂದೇ, ಯಾರ ಮನೆಯಲ್ಲಿ ನಿಂತು ಕರೆಯುತ್ತೀರಿ ಅನ್ನುವುದರ ಮೇಲೆ ಹೆಸರು ಬದಲು.

ರಿಲೇಟ್ಸ್ ಟು ಅನ್ನುವುದಕ್ಕೆ ಮಾತ್ರ ಎರಡೂ ಕಡೆ ಒಂದೇ ಹೆಸರು. ಅದಕ್ಕೇ ಎಲ್ಲರೂ ಸುಮ್ನೆ ಅದನ್ನೇ ಹಾಕಿಬಿಡುತ್ತಾರೆ. ಹಾಕಲು ಸುಲಭ, ಆಮೇಲೆ ಬೇರ್ಪಡಿಸಲು ಕಷ್ಟ. ರಿಕ್ವೈರ್‌ಮೆಂಟ್ ಕೆಲಸಕ್ಕೆ ಅದನ್ನು ಬಳಸಲೇಬೇಡಿ ಅನ್ನುವುದು ನನ್ನ ಮಾತು.

ಅಡ್ಮಿನ್ ಹತ್ತಿರ ಎರಡು ಹೊಸ ಲಿಂಕ್ ಮಾಡಿಸಿ. ಸೆಟ್ಟಿಂಗ್ಸ್ ಒಳಗೆ ಇಶ್ಯೂಗಳ ಭಾಗಕ್ಕೆ ಹೋದರೆ ಇಶ್ಯೂ ಲಿಂಕಿಂಗ್ ಇರುತ್ತದೆ. ಅಲ್ಲಿ ಹೆಸರು, ಹೊರಗಡೆಯ ಮಾತು, ಒಳಗಡೆಯ ಮಾತು ಎಂದು ಮೂರು ಕೇಳುತ್ತದೆ. ಎಂಎಲ್ ಕಡೆಯ ಮಾತು ಹೊರಗಡೆಯದ್ದು, ಆರ್‌ಕ್ಯೂ ಕಡೆಯದ್ದು ಒಳಗಡೆಯದ್ದು.

ಮೊದಲನೆಯದು, ಕೆಲಸಕ್ಕೆ. ಎಂಎಲ್ ಕಡೆಯಿಂದ ಇಂಪ್ಲಿಮೆಂಟ್ಸ್, ಆರ್‌ಕ್ಯೂ ಕಡೆಯಿಂದ ಈಸ್ ಇಂಪ್ಲಿಮೆಂಟೆಡ್ ಬೈ.

ಎರಡನೆಯದು, ಬಗ್‌ಗೆ. ಎಂಎಲ್ ಕಡೆಯಿಂದ ಬ್ರೇಕ್ಸ್, ಆರ್‌ಕ್ಯೂ ಕಡೆಯಿಂದ ಈಸ್ ಬ್ರೋಕನ್ ಬೈ.

ಎಲ್ಲಾ ಸಣ್ಣ ಅಕ್ಷರದಲ್ಲೇ ಬರೆಸಿ. ಲಿಂಕ್ಡ್‌ಇಶ್ಯೂಸ್ ಫಂಕ್ಷನ್‌ಗೆ ಲಿಂಕ್‌ನ ಮಾತಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಅಡ್ಮಿನ್ ಮೊದಲ ಅಕ್ಷರ ದೊಡ್ಡದು ಮಾಡಿದ್ದರೆ ನೀವೂ ಹಾಗೇ ಬರೆಯಬೇಕು. ಎಲ್ಲಾ ಸಣ್ಣದಾದರೆ ಆ ತಲೆನೋವು ಇಲ್ಲ.

ಇನ್ನು ಲಿಂಕ್ ಹಾಕುವಾಗ ಯಾವ ಪುಟ ತೆರೆದಿದ್ದೀರಿ ನೋಡಿ. ಬಗ್ ಪುಟದಲ್ಲಿದ್ದರೆ ಬ್ರೇಕ್ಸ್ ಆರಿಸಿ ಆರ್‌ಕ್ಯೂ-14 ಕೊಡಿ. ರಿಕ್ವೈರ್‌ಮೆಂಟ್ ಪುಟದಲ್ಲಿದ್ದರೆ ಈಸ್ ಬ್ರೋಕನ್ ಬೈ ಆರಿಸಿ ಬಗ್‌ನ ನಂಬರ್ ಕೊಡಿ. ಹಾಕಿದ ಮೇಲೆ ಒಂದು ವಾಕ್ಯವಾಗಿ ಓದಿ. "ಎಂಎಲ್-52 ಆರ್‌ಕ್ಯೂ-14ನ್ನು ಮುರಿದಿದೆ." ಸರಿ. "ಆರ್‌ಕ್ಯೂ-14 ಎಂಎಲ್-52ನ್ನು ಮುರಿದಿದೆ." ಇದು ಉಲ್ಟಾ, ಅಳಿಸಿ ಮತ್ತೆ ಹಾಕಿ. ಈ ಓದುವ ಅಭ್ಯಾಸ ಒಂದಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹಂತ 3: ಉತ್ತರ ಮೊದಲೇ ಹಾಳೆಯಲ್ಲಿ ಬರೆಯಿರಿ

ಚೆನ್ನಾಗಿ ಗೊತ್ತಿರುವ ಒಂದು ರಿಕ್ವೈರ್‌ಮೆಂಟ್ ತೆಗೆದುಕೊಳ್ಳಿ. ಅದರ ಪುಟ ತೆರೆದು, ಕೆಳಗಿರುವ ಲಿಂಕ್‌ಗಳನ್ನು ಕಣ್ಣಿಂದ ನೋಡಿ ಹಾಳೆಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಹೀಗೆ: ಆರ್‌ಕ್ಯೂ-14ಕ್ಕೆ ಎರಡು ಕೆಲಸ, ಎಂಎಲ್-20 ಮತ್ತು ಎಂಎಲ್-21. ಮೂರು ಬಗ್, ಎಂಎಲ್-52, ಎಂಎಲ್-58, ಎಂಎಲ್-60. ಅದರಲ್ಲಿ ಎಂಎಲ್-58 ಮುಗಿದಿದೆ.

ಯಾಕೆ ಈ ಕಷ್ಟ ಅಂದರೆ, ದಿಕ್ಕು ತಪ್ಪಿದ ಕ್ವೆರಿಯೂ ಉತ್ತರ ಕೊಡುತ್ತದೆ. ಕೆಂಪು ಅಕ್ಷರದಲ್ಲಿ ಬೈಯುವುದಿಲ್ಲ. ಸುಮ್ನೆ ಖಾಲಿ ಪಟ್ಟಿ ತೋರಿಸುತ್ತದೆ, ನೀವು "ಬಗ್ ಇಲ್ಲ" ಎಂದು ಓದಿಕೊಳ್ಳುತ್ತೀರಿ.

ನನಗೇ ಹೀಗಾಗಿದೆ. ಸಿಂಧನೂರು ಕಡೆಯ ಒಂದು ಮಿಲ್ಲಿಗೆ ಬಿಲ್ ಸಾಫ್ಟ್‌ವೇರ್ ಕೊಡುವ ಹಿಂದಿನ ಸಂಜೆ ಕ್ವೆರಿ ಹಾಕಿದೆ. ಖಾಲಿ ಬಂತು. ಖುಷಿಯಾಗಿ ಮಲಗಿದೆ. ಮರುದಿನ ಬೆಳಿಗ್ಗೆ ಮೊದಲ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಾಗ, ಚೀಲದ ದರವನ್ನು ಸಾಫ್ಟ್‌ವೇರ್ ಕ್ವಿಂಟಲ್ ದರ ಎಂದು ಹಿಡಿದಿತ್ತು. 150 ಚೀಲ ಅಂದರೆ 11,250 ಕೆಜಿ, ಅಂದರೆ 112.5 ಕ್ವಿಂಟಲ್. ರೈತರಿಗೆ 150 ಸಲ ಸಿಗಬೇಕಾದ ದರ 112.5 ಸಲ ಮಾತ್ರ ಬಿಲ್ ಆಗಿತ್ತು. ನಾಲ್ಕರಲ್ಲಿ ಒಂದು ಪಾಲು ಮಾಯ. ಗುಮಾಸ್ತರು ಬಿಲ್ ನೋಡಿ ತಡೆದರು, ದುಡ್ಡು ಕೊಟ್ಟಿರಲಿಲ್ಲ. "ಏನಪ್ಪಾ ತಮ್ಮಾ, ನಿನ್ನ ಕಂಪ್ಯೂಟರಿಗೆ ಚೀಲ ಅಂದ್ರ ಏನಂತ ಗೊತ್ತಿಲ್ಲೇನು?" ಅಂದರು. ಆ ಬಗ್ ಜಿರಾದಲ್ಲಿ ಇತ್ತು. ಲಿಂಕೂ ಇತ್ತು. ಉಲ್ಟಾ ಇತ್ತು.

ಹಂತ 4: ಮೊದಲ ಕ್ವೆರಿ

ಮೆನುವಿನಲ್ಲಿ ಫಿಲ್ಟರ್ಸ್ ಒಳಗೆ ಹೋಗಿ ಹುಡುಕಾಟದ ಪುಟ ತೆರೆಯಿರಿ. ಅಲ್ಲಿ ಬೇಸಿಕ್ ಮತ್ತು ಜೆಕ್ಯೂಎಲ್ (ಜಿರಾದ ಕ್ವೆರಿ ಭಾಷೆ) ಎಂದು ಎರಡು ಇರುತ್ತವೆ. ಜೆಕ್ಯೂಎಲ್ ಒತ್ತಿ. ಮೊದಲು ಇಷ್ಟೇ ಬರೆಯಿರಿ:

ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-14")

ಇದು ಆರ್‌ಕ್ಯೂ-14ಕ್ಕೆ ಯಾವ ಹೆಸರಲ್ಲಾದರೂ ಲಿಂಕ್ ಆಗಿರುವುದನ್ನೆಲ್ಲಾ ತರುತ್ತದೆ. ಹಾಳೆಯ ಜೊತೆ ಹೋಲಿಸಿ. ನಮ್ಮಲ್ಲಿ ಐದು ಬರಬೇಕು. ಬರದಿದ್ದರೆ ಮುಂದಕ್ಕೆ ಹೋಗಬೇಡಿ, ಅನುಮತಿ ನೋಡಿ. ನಿಮಗೆ ನೋಡಲು ಅನುಮತಿ ಇಲ್ಲದ ಇಶ್ಯೂಗಳನ್ನು ಜಿರಾ ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಹಾಗಾಗಿ ಒಂದೇ ಕ್ವೆರಿ ಹಾಕಿದರೂ ಇಬ್ಬರಿಗೆ ಬೇರೆ ಬೇರೆ ಪಟ್ಟಿ ಬರಬಹುದು.

ಐದೂ ಬಂದವಾ? ಈಗ ಬಗ್ ಮಾತ್ರ:

ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-14", "ಈಸ್ ಬ್ರೋಕನ್ ಬೈ")

ಇಲ್ಲಿ ಬರೆಯುವುದು ಆವರಣದೊಳಗಿರುವ ಇಶ್ಯೂ ಕಡೆಯ ಮಾತು. ಅಂದರೆ ಆರ್‌ಕ್ಯೂ-14ರ ಪುಟ ತೆರೆದಾಗ ಅಲ್ಲಿ ಏನು ಕಾಣುತ್ತದೋ ಅದು. ಬಗ್ ಹುಡುಕುತ್ತಿದ್ದೇವೆ ಎಂದು ಬ್ರೇಕ್ಸ್ ಎಂದು ಬರೆದರೆ ಖಾಲಿ ಬರುತ್ತದೆ. ಆವತ್ತು ನಮ್ಮ ಕ್ವೆರಿ ಈ ವಿಷಯದಲ್ಲಿ ಸರಿಯಾಗೇ ಇತ್ತು, ಲಿಂಕ್ ಮಾತ್ರ ತಲೆಕೆಳಗಾಗಿತ್ತು. ಎರಡರ ಲಕ್ಷಣವೂ ಒಂದೇ: ಮೊದಲ ಕ್ವೆರಿಗೆ ಬರುತ್ತವೆ, ಎರಡನೆಯದಕ್ಕೆ ಬರುವುದಿಲ್ಲ. ಹೀಗಾದರೆ ಇನ್ನೊಂದು ದಿಕ್ಕಿನ ಮಾತು ಹಾಕಿ ನೋಡಿ. ಅದರಲ್ಲಿ ಬಂದರೆ ಲಿಂಕನ್ನೇ ಸರಿಪಡಿಸಿ, ಕ್ವೆರಿಯನ್ನು ಬಗ್ಗಿಸಬೇಡಿ. ಬಗ್ಗಿಸಿದರೆ ಸರಿಯಾಗಿ ಹಾಕಿರುವ ಮಿಕ್ಕ ಲಿಂಕ್‌ಗಳು ತಪ್ಪಿಹೋಗುತ್ತವೆ.

ಈ ಫಂಕ್ಷನ್ ಒಂದು ಹೆಜ್ಜೆ ಮಾತ್ರ ಹೋಗುತ್ತದೆ. ಬಗ್‌ಗೆ ಇನ್ನೊಂದು ಬಗ್ ಲಿಂಕ್ ಆಗಿದ್ದರೆ ಅದು ಬರುವುದಿಲ್ಲ. ಎಪಿಕ್ (ಹಲವು ಕೆಲಸ ಸೇರಿದ ದೊಡ್ಡ ಕೆಲಸ) ಕೆಳಗಿನ ಕೆಲಸ, ಕೆಲಸದೊಳಗಿನ ಸಣ್ಣ ಕೆಲಸವಾದ ಸಬ್‌ಟಾಸ್ಕ್ ಇವು ತಾಯಿ-ಮಕ್ಕಳ ಸಂಬಂಧ, ಲಿಂಕ್ ಅಲ್ಲ. ಕ್ಲೌಡ್‌ನಲ್ಲಿ ಅವನ್ನು ಹುಡುಕುವ ದಾರಿ ಬೇರೆ:

ಪೇರೆಂಟ್ = "ಎಂಎಲ್-20"

ಹಂತ 5: ಬಾಕಿ ಇರುವುದನ್ನು ಮಾತ್ರ ಸೋಸಿ

ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-14", "ಈಸ್ ಬ್ರೋಕನ್ ಬೈ") ಆಂಡ್ ಸ್ಟೇಟಸ್‌ಕ್ಯಾಟಗರಿ != ಡನ್

!= ಅಂದರೆ ಅಲ್ಲದ್ದು. ಎಂಎಲ್-52 ಮತ್ತು ಎಂಎಲ್-60 ಬರಬೇಕು. ಸ್ಟೇಟಸ್ ಬದಲು ಸ್ಟೇಟಸ್‌ಕ್ಯಾಟಗರಿ ಬಳಸಿ. ಒಂದು ತಂಡದಲ್ಲಿ ಮುಗಿದದ್ದಕ್ಕೆ ಡನ್ ಅಂತಾರೆ, ಇನ್ನೊಂದರಲ್ಲಿ ಕ್ಲೋಸ್ಡ್ ಅಂತಾರೆ. ಕ್ಯಾಟಗರಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ.

ಇಲ್ಲಿ ಎರಡು ಹಳ್ಳಗಳಿವೆ.

ಒಂದು, ಆವರಣ. ಎರಡು ರಿಕ್ವೈರ್‌ಮೆಂಟ್ ಸೇರಿಸಿ ಹೀಗೆ ಬರೆಯುತ್ತಾರೆ:

ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-14") ಆರ್ ಇಶ್ಯೂ ಇನ್ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-15") ಆಂಡ್ ಸ್ಟೇಟಸ್‌ಕ್ಯಾಟಗರಿ != ಡನ್

ಜಿರಾ ಮೊದಲು ಆಂಡ್ ಲೆಕ್ಕ ಹಾಕುತ್ತದೆ, ಆಮೇಲೆ ಆರ್. ಹಾಗಾಗಿ ಬಾಕಿ ಅನ್ನುವ ಷರತ್ತು ಆರ್‌ಕ್ಯೂ-15ಕ್ಕೆ ಮಾತ್ರ ತಗಲುತ್ತದೆ, ಆರ್‌ಕ್ಯೂ-14ರ ಮುಗಿದ ಬಗ್‌ಗಳೂ ಬಂದು ಕೂರುತ್ತವೆ. ಆರ್ ಇರುವ ಭಾಗವನ್ನೆಲ್ಲಾ ಒಂದು ಆವರಣದೊಳಗೆ ಹಾಕಿ, ಆಮೇಲೆ ಆಂಡ್ ಬರೆಯಿರಿ.

ಎರಡು, ಖಾಲಿ ಜಾಗ. ಫಿಕ್ಸ್‌ವರ್ಷನ್ ಅಂದರೆ ಬಗ್ ಸರಿಯಾಗಿ ಹೊರಬರಬೇಕಾದ ಆವೃತ್ತಿ. ಫಿಕ್ಸ್‌ವರ್ಷನ್ != "2.1" ಎಂದರೆ 2.1 ಅಲ್ಲದ್ದೆಲ್ಲಾ ಬರುತ್ತದೆ ಎಂದುಕೊಳ್ಳುತ್ತೇವೆ, ಅಲ್ವಾ? ಆ ಜಾಗದಲ್ಲಿ ಏನೂ ತುಂಬದೇ ಇರುವ ಬಗ್‌ಗಳು ಬರುವುದಿಲ್ಲ. ಯಾರೂ ಕೈ ಹಚ್ಚದ ಬಗ್‌ಗಳೇ ಹೀಗೆ ತಪ್ಪಿಸಿಕೊಳ್ಳುವುದು. ಅವೂ ಬೇಕಾದರೆ ಹೀಗೆ:

ಆಂಡ್ (ಫಿಕ್ಸ್‌ವರ್ಷನ್ != "2.1" ಆರ್ ಫಿಕ್ಸ್‌ವರ್ಷನ್ ಈಸ್ ಎಂಪ್ಟಿ)

ಅಸೈನೀ (ಕೆಲಸ ಯಾರಿಗೆ ಒಪ್ಪಿಸಿದೆ) ವಿಷಯಕ್ಕೂ ಇದೇ ಮಾತು.

ಹಂತ 6: ತಿರುಗಿಸಿ ಕೇಳಿ, ಲಿಂಕೇ ಇಲ್ಲದ್ದು ಯಾವುದು?

ಬಗ್ ಹುಡುಕುವುದಕ್ಕಿಂತ ಇದು ಮುಖ್ಯ ಅನ್ನಿಸುತ್ತದೆ ನನಗೆ. ಯಾವ ರಿಕ್ವೈರ್‌ಮೆಂಟ್‌ಗೆ ಇನ್ನೂ ಯಾರೂ ಕೆಲಸವನ್ನೇ ಶುರು ಮಾಡಿಲ್ಲ? ಕ್ಲೌಡ್‌ನಲ್ಲಿ:

ಪ್ರಾಜೆಕ್ಟ್ = ಆರ್‌ಕ್ಯೂ ಆಂಡ್ ಇಶ್ಯೂಲಿಂಕ್‌ಟೈಪ್ ಈಸ್ ಎಂಪ್ಟಿ

ಒಂದೂ ಲಿಂಕ್ ಇಲ್ಲದವು ಬರುತ್ತವೆ. ಆರ್‌ಕ್ಯೂ ಬದಲು ಎಂಎಲ್ ಹಾಕಿದರೆ ಯಾವ ರಿಕ್ವೈರ್‌ಮೆಂಟ್‌ಗೂ ಸೇರದ ಅನಾಥ ಕೆಲಸ, ಬಗ್‌ಗಳು ಸಿಗುತ್ತವೆ. ವಾರಕ್ಕೊಂದು ಸಲ ಈ ಎರಡನ್ನೂ ಹಾಕಿ ನೋಡಿ.

ಆದರೆ ಇದರಲ್ಲೂ ಒಂದು ತೂತಿದೆ. ಆರ್‌ಕ್ಯೂ-16ಕ್ಕೆ ಯಾರೋ ಆರ್‌ಕ್ಯೂ-15ನ್ನು ರಿಲೇಟ್ಸ್ ಟು ಎಂದು ಜೋಡಿಸಿದ್ದರೆ ಅದು ಖಾಲಿ ಅಲ್ಲ. ಕೆಲಸ ಒಂದೂ ಶುರುವಾಗಿಲ್ಲ, ಪಟ್ಟಿಯಲ್ಲೂ ಬರುವುದಿಲ್ಲ. ಇದಕ್ಕೆ ಬೇರೆ ಪ್ಲಗಿನ್ (ಜಿರಾಕ್ಕೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಇಲ್ಲದೆ ನಾನು ಮಾಡುವುದು ಹೀಗೆ. ಪ್ರಾಜೆಕ್ಟ್ = ಆರ್‌ಕ್ಯೂ ಎಂದು ಹಾಕಿ, ಬಂದ ಪಟ್ಟಿಯನ್ನು ಎಲ್ಲಾ ಕಾಲಂ ಸಮೇತ ಸಿಎಸ್‌ವಿ ಆಗಿ ಇಳಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ತೆರೆದರೆ ಇನ್‌ವರ್ಡ್ ಎಂದು ಶುರುವಾಗುವ ಕಾಲಂಗಳು ಕಾಣುತ್ತವೆ, ಪ್ರತಿಯೊಂದರ ಜೊತೆ ಲಿಂಕ್‌ನ ಹೆಸರು ಇರುತ್ತದೆ. ಕೆಲಸದ ಲಿಂಕ್‌ನ ಕಾಲಂ ಖಾಲಿ ಇರುವ ಸಾಲುಗಳೇ ನಿಮಗೆ ಬೇಕಾದವು. ಒಂದೇ ಹೆಸರಿನ ಕಾಲಂ ನಾಲ್ಕೈದು ಬಂದರೆ ಗಾಬರಿ ಬೇಡ, ಒಂದು ಲಿಂಕ್‌ಗೆ ಒಂದು ಕಾಲಂ. ಮೊದಲನೆಯದನ್ನು ನೋಡಿದರೆ ಸಾಕು.

ಹಂತ 7: ನೂರಾರು ರಿಕ್ವೈರ್‌ಮೆಂಟ್ ಇದ್ದರೆ

ಲಿಂಕ್ಡ್‌ಇಶ್ಯೂಸ್ ಒಳಗೆ ಇನ್ನೊಂದು ಕ್ವೆರಿ ತೂರಿಸಲು ಆಗುವುದಿಲ್ಲ. "2.1ರ ಎಲ್ಲಾ ರಿಕ್ವೈರ್‌ಮೆಂಟ್‌ಗಳ ಬಗ್ ಕೊಡು" ಎಂದು ನೇರವಾಗಿ ಕೇಳಲು ಬರುವುದಿಲ್ಲ. ಹತ್ತು-ಹದಿನೈದು ಇದ್ದರೆ ಎಕ್ಸೆಲ್‌ನಲ್ಲಿ ನಂಬರ್‌ಗಳ ಪಟ್ಟಿ ಮಾಡಿ, ಸೂತ್ರ ಹಾಕಿ, ಆರ್ ಸೇರಿಸಿ ಉದ್ದದ ಕ್ವೆರಿ ತಯಾರಿಸಬಹುದು. ನೋಡಲು ಚೆಂದ ಇರುವುದಿಲ್ಲ, ಕೆಲಸ ಆಗುತ್ತದೆ.

ಅದಕ್ಕಿಂತ ಜಾಸ್ತಿ ಇದ್ದರೆ ಸ್ಕ್ರಿಪ್ಟ್‌ರನ್ನರ್ ಅನ್ನುವ ಪ್ಲಗಿನ್ ಇದೆ. ನಿಮ್ಮ ಕಂಪನಿಯಲ್ಲಿ ಹಾಕಿದ್ದಾರಾ ಕೇಳಿ. ಇದ್ದರೆ:

ಇಶ್ಯೂಫಂಕ್ಷನ್ ಇನ್ ಲಿಂಕ್ಡ್‌ಇಶ್ಯೂಸ್‌ಆಫ್("ಪ್ರಾಜೆಕ್ಟ್ = ಆರ್‌ಕ್ಯೂ ಆಂಡ್ ಫಿಕ್ಸ್‌ವರ್ಷನ್ = '2.1'", "ಈಸ್ ಬ್ರೋಕನ್ ಬೈ") ಆಂಡ್ ಸ್ಟೇಟಸ್‌ಕ್ಯಾಟಗರಿ != ಡನ್

ಒಳಗಿನ ಕ್ವೆರಿಗೆ ಎರಡೆಳೆಯ ಉದ್ದರಣೆ, ಅದರೊಳಗಿನ 2.1ಕ್ಕೆ ಒಂದೆಳೆಯದ್ದು. ಎರಡೂ ಕಡೆ ಎರಡೆಳೆ ಹಾಕಿದರೆ ನಡುವೆಯೇ ಮುರಿಯುತ್ತದೆ. ದಿಕ್ಕಿನ ನಿಯಮ ಮೊದಲಿನದ್ದೇ: ಒಳಗಿನ ಕ್ವೆರಿಯಲ್ಲಿ ಬರುವ ಇಶ್ಯೂಗಳ ಕಡೆಯ ಮಾತು. ಕ್ಲೌಡ್‌ನಲ್ಲಿ ಇದಕ್ಕೆ ಎನ್‌ಹಾನ್ಸ್ಡ್ ಸರ್ಚ್ ಎಂಬ ಬೇರೆ ಪುಟವಿದೆ, ಅಲ್ಲಿ ಹಾಕಿ.

ಕೆಲಸವೇ ಇಲ್ಲದ ರಿಕ್ವೈರ್‌ಮೆಂಟ್ ಹುಡುಕಲೂ ಇದು ಬರುತ್ತದೆ, ಸಿಎಸ್‌ವಿ ಗೋಜು ಬೇಡ:

ಪ್ರಾಜೆಕ್ಟ್ = ಆರ್‌ಕ್ಯೂ ಆಂಡ್ ಇಶ್ಯೂಫಂಕ್ಷನ್ ನಾಟ್ ಇನ್ ಹ್ಯಾಸ್‌ಲಿಂಕ್ಸ್("ಈಸ್ ಇಂಪ್ಲಿಮೆಂಟೆಡ್ ಬೈ")

ಲಿಂಕ್‌ನ ಲಿಂಕ್, ಅದರ ಲಿಂಕ್ ಎಂದು ಕೊನೆಯವರೆಗೂ ಹೋಗುವ ಲಿಂಕ್ಡ್‌ಇಶ್ಯೂಸ್‌ಆಫ್‌ರಿಕರ್ಸಿವ್ ಕೂಡ ಇದೆ. ಲಿಂಕ್‌ನ ಮಾತು ಹೇಳದೆ ಇದನ್ನು ಓಡಿಸಬೇಡಿ. ರಿಲೇಟ್ಸ್ ಟು ತುಂಬಿರುವ ಪ್ರಾಜೆಕ್ಟ್‌ನಲ್ಲಿ ಒಂದು ಎಳೆ ಎಳೆದರೆ ಇಡೀ ಕೌದಿ ಬಿಚ್ಚಿಕೊಂಡು ಬರುತ್ತದೆ.

ಹಂತ 8: ಫಿಲ್ಟರ್ ಮಾಡಿ ಉಳಿಸಿ

ಸರಿಯಾದ ಕ್ವೆರಿಯನ್ನು ಹೆಸರು ಕೊಟ್ಟು ಉಳಿಸಿ. "ಆರ್‌ಕ್ಯೂ-14 ಬಾಕಿ ಬಗ್" ಅನ್ನುವಂಥ ಹೆಸರು ಸಾಕು, ಆರು ತಿಂಗಳ ನಂತರವೂ ಅರ್ಥವಾಗಬೇಕು. ಉಳಿಸಿದ ಮೇಲೆ ತಂಡಕ್ಕೆ ಹಂಚಿದ್ದೀರಾ ನೋಡಿ. ಹಂಚದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ನಿಮಗೆ ಕಾಣುತ್ತದೆ, ಮಿಕ್ಕವರಿಗೆ ಇಲ್ಲ. ಫಿಲ್ಟರ್‌ಗೆ ಸಬ್‌ಸ್ಕ್ರೈಬ್ ಆದರೆ ಹೇಳಿದ ಹೊತ್ತಿಗೆ ಮೇಲ್ ಬರುತ್ತದೆ.

ಈ ಸೂಚನೆ ಕಂಡರೆ ಅಲ್ಲೇ ನಿಲ್ಲಿ

ವಾಟ್ಸಾಪ್‌ನಲ್ಲಿ ಬಂದ ಕ್ವೆರಿ ಅಂಟಿಸಿದ ಕೂಡಲೇ ಕೆಂಪು ಬಂತು: ಉದ್ದರಣೆ ಚಿಹ್ನೆ ಬಾಗಿದೆ. ನೋಟ್‌ಪ್ಯಾಡ್‌ನಲ್ಲಿ ಅಳಿಸಿ ನೆಟ್ಟಗಿನದ್ದು ಹಾಕಿ. ಎಂಟು ಜನರ ಗುಂಪಿನಲ್ಲಿ ಇಡೀ ಮಧ್ಯಾಹ್ನ ಇದಕ್ಕೇ ಹೋದದ್ದನ್ನು ನೋಡಿದ್ದೇನೆ. ಒಗ್ಗರಣಿ-ಮಿರ್ಚಿ ತರಿಸಿ ತಿಂದು ಮುಗಿಸಿದರೂ ಕ್ವೆರಿ ಓಡಿರಲಿಲ್ಲ.

ಇಶ್ಯೂ ಇಲ್ಲ ಅಥವಾ ಅನುಮತಿ ಇಲ್ಲ ಎಂದು ಬಂತು: ನಂಬರ್ ತಪ್ಪು, ಇಲ್ಲವೇ ಆರ್‌ಕ್ಯೂ ಪ್ರಾಜೆಕ್ಟ್ ನಿಮಗೆ ತೆರೆದಿಲ್ಲ.

ನಿನ್ನೆ ಹನ್ನೆರಡು ಇದ್ದ ಪಟ್ಟಿ ಇವತ್ತು ಮೂರಕ್ಕೆ ಇಳಿದಿದೆ, ಯಾರೂ ಬಗ್ ಮುಗಿಸಿಲ್ಲ: ಯಾರೋ ಅನುಮತಿ ಬದಲಿಸಿದ್ದಾರೆ, ಇಲ್ಲವೇ ಲಿಂಕ್‌ಗಳನ್ನು ಅಳಿಸಿದ್ದಾರೆ. ಅಡ್ಮಿನ್ ಲಿಂಕ್‌ನ ಮಾತನ್ನೇ ತಿದ್ದಿದ್ದರೆ ಮಾತ್ರ ಉಳಿಸಿಟ್ಟ ಫಿಲ್ಟರ್‌ಗಳನ್ನೆಲ್ಲಾ ತೆರೆದು ಹೊಸ ಮಾತಿಗೆ ತಿದ್ದಬೇಕು.

ಮತ್ತೆ, ಸಾಫ್ಟ್‌ವೇರ್ ಕೊಡುವ ಹಿಂದಿನ ದಿನ ಖಾಲಿ ಪಟ್ಟಿ ಬಂತು: ಲಿಂಕ್‌ನ ಮಾತನ್ನು ತೆಗೆದು, ಬರೀ ಲಿಂಕ್ಡ್‌ಇಶ್ಯೂಸ್("ಆರ್‌ಕ್ಯೂ-14") ಎಂದು ಇನ್ನೊಂದು ಸಲ ಹಾಕಿ. ಬಂದ ಪ್ರತಿಯೊಂದನ್ನೂ ತೆರೆದು ಓದಿ. ಅದೂ ಖಾಲಿ ಬಂದರೆ ಮೂರನೇ ಹಂತದ ಹಾಳೆ ತೆಗೆಯಿರಿ. ಮಿಲ್ಲಿನವರಿಗೆ ಫೋನ್ ಮಾಡುವುದು ಅದಾದ ಮೇಲೆ.